ಗಾಳಿ ಯಾವ ಕಡೆಗೆ ಬೀಸುತ್ತಿದೆ, ಮೊದಲು ನೋಡಿ

(ಚಿತ್ರದುರ್ಗದಲ್ಲಿ ಸ್ತ್ರೀಶಕ್ತಿ ಸಂಘದ ಸದಸ್ಯರು, ಆಟೊ ಚಾಲಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ಅಜ್ಜಿ ನನ್ನನ್ನು ನಿಲ್ಲಿಸಿದರು. ಈಗ ಮೂರನೇ ಸಾಲಿನಲ್ಲಿ ಕೂತಿದ್ದಾರೆ. "ಏನಪ್ಪಾ, ಬಾಂಬು, ವಿಷದ ಗಾಳಿ ಅಂತೆಲ್ಲ ಬೋರ್ಡ್ ಹಾಕಿದ್ದೀರಿ. ಅದೆಲ್ಲ ಬೆಂಗಳೂರು, ಬೊಂಬಾಯಿ ಕಡೆ ಅಲ್ವಾ? ನಮ್ಮ ದುರ್ಗಕ್ಕೆ ಯಾಕೆ ಬರುತ್ತೆ?" ಅಂತ ಕೇಳಿದರು. ನಾನು ತಂದ ಚೀಟಿಯಲ್ಲಿ ಬೇರೆ ಏನೋ ಮೊದಲು ಬರೆದಿತ್ತು. ಅದನ್ನು ಬಿಟ್ಟು ಅಜ್ಜಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಅಜ್ಜಿ, ಒಂದು ದಿನ ಬೈಪಾಸ್ ಹತ್ತಿರ ಕಾಲು ಗಂಟೆ ನಿಂತು ನೋಡಿ. ಬೆಂಗಳೂರು–ಪುಣೆ ಕಡೆಯ 48ನೇ ಹೆದ್ದಾರಿ ನಮ್ಮ ಊರನ್ನು ಹಾದು ಹೋಗುತ್ತದೆ. ಹೊಸಪೇಟೆ, ಸೊಲ್ಲಾಪುರದ ಕಡೆ ಹೋಗುವ 50ನೇ ಹೆದ್ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಗ್ಯಾಸ್ ಟ್ಯಾಂಕರ್, ಪೆಟ್ರೋಲ್ ಟ್ಯಾಂಕರ್, ಆಸಿಡ್ ಟ್ಯಾಂಕರ್ ಎಲ್ಲವೂ ನಮ್ಮ ಮನೆಗಳ ಪಕ್ಕದಲ್ಲೇ ಓಡಾಡುತ್ತವೆ. ಇನ್ನು ಸ್ಫೋಟದ ಮಾತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕಲ್ಲು ಕ್ವಾರಿಗೆ ತಂದಿದ್ದ ಸ್ಫೋಟಕದ ಲಾರಿ ಸಿಡಿಯಿತು. ಆ ಅದುರು ದಾವಣಗೆರೆ ಜಿಲ್ಲೆಯವರೆಗೂ ಬಂತು. ಜನ ಭೂಕಂಪ ಅಂತ ಮನೆ ಬಿಟ್ಟು ಹೊರಗೆ ಓಡಿದರು. ಅದು ಯಾವ ಉಗ್ರರ ಕೆಲಸವೂ ಆಗಿರಲಿಲ್ಲ. ಆದರೆ ಅಲ್ಲಿ ಸತ್ತವರ ಮನೆಯವರಿಗೆ ಆ ವ್ಯತ್ಯಾಸದಿಂದ ಏನಾಯಿತು ಹೇಳಿ?

ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಅಪಘಾತವೋ, ಯಾರೋ ಬೇಕೆಂದೇ ಮಾಡಿದ್ದೋ ಅನ್ನುವುದು ಮೊದಲ ಹದಿನೈದು ನಿಮಿಷದಲ್ಲಿ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ. 2007ರಲ್ಲಿ ಇರಾಕಿನಲ್ಲಿ ಉಗ್ರರು ಕ್ಲೋರಿನ್ ತುಂಬಿದ ಲಾರಿಗಳನ್ನೇ ಬಾಂಬಿನ ಹಾಗೆ ಬಳಸಿದರು. ಕ್ಲೋರಿನ್ ಅಂದರೆ ಕುಡಿಯುವ ನೀರು ಶುದ್ಧ ಮಾಡಲು ಊರೂರಲ್ಲಿ ಬಳಸುವ ಅದೇ ಗ್ಯಾಸು. ಸಿಲಿಂಡರಿನ ವಾಲ್ವ್ ಸವೆದು ಅದು ಸೋರಿದರೂ ಅದೇ ಕೆಮ್ಮು, ಅದೇ ಕಣ್ಣುರಿ. ಯಾರಾದರೂ ಒಡೆದರೂ ಅದೇ. ಯಾರು ಮಾಡಿದರು ಅನ್ನುವುದನ್ನು ಪೊಲೀಸರು ಆಮೇಲೆ ಹುಡುಕುತ್ತಾರೆ. ಆ ಹದಿನೈದು ನಿಮಿಷ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಯಾಕೆಂದರೆ ನಮ್ಮ ಗಾಡಿ ಎಷ್ಟೇ ಬೇಗ ಹೊರಟರೂ ನೀವು ನಮಗಿಂತ ಮೊದಲೇ ಅಲ್ಲಿ ಇರುತ್ತೀರಿ.

ನನ್ನ ಕೆಲಸದ ದಿನಗಳ ಒಂದು ಬೆಳಗಿನ ಜಾವ ಹೇಳುತ್ತೇನೆ. ಹೆದ್ದಾರಿ ಪಕ್ಕದ ಒಂದು ಹಳ್ಳಿ. ಪೆಟ್ರೋಲ್ ಟ್ಯಾಂಕರ್ ಪಲ್ಟಿ ಆಗಿತ್ತು. ನಾವು ಹೋಗುವಷ್ಟರಲ್ಲಿ ನೂರಕ್ಕೂ ಜಾಸ್ತಿ ಜನ ಸೇರಿದ್ದರು. ಕೊಡ, ಬಕೆಟ್, ಎಣ್ಣೆ ಕ್ಯಾನ್, ಒಬ್ಬರ ಕೈಯಲ್ಲಂತೂ ಅನ್ನ ಬಸಿಯುವ ಪಾತ್ರೆ. ರಸ್ತೆ ಪಕ್ಕದ ಚರಂಡಿಯಲ್ಲಿ ಪೆಟ್ರೋಲ್ ಹರಿಯುತ್ತಿತ್ತು, ಜನ ಅದರೊಳಗೇ ನಿಂತು ಬಗ್ಗಿ ತುಂಬಿಕೊಳ್ಳುತ್ತಿದ್ದರು. ನಾವು ಫೋಮ್ ಹಾಕಬೇಕು, ಜನ ಬಿಡುತ್ತಿಲ್ಲ. ಇಪ್ಪತ್ತು ನಿಮಿಷ ಬರೀ ಕೂಗಾಟದಲ್ಲಿ ಹೋಯಿತು. ಒಬ್ಬ ತಾಯಿ ಸೊಂಟದ ಮೇಲೆ ಮಗು, ಇನ್ನೊಂದು ಕೈಯಲ್ಲಿ ತುಂಬಿದ ಕೊಡ ಹಿಡಿದು ಮನೆ ಕಡೆ ಹೊರಟಿದ್ದರು. ನಾನು ಹಿಂದೆಯೇ ಓಡಿದೆ. ಅವರು ಆ ಕೊಡವನ್ನು ಇಳಿಸಿದ್ದು ಎಲ್ಲಿ ಗೊತ್ತಾ? ಅಡುಗೆಮನೆಯಲ್ಲಿ. ಒಲೆಯಲ್ಲಿ ಇನ್ನೂ ಕೆಂಡ ಇತ್ತು. ನನ್ನ ಕೈಕಾಲು ತಣ್ಣಗಾಯಿತು. ಕೊಡವನ್ನು ನಾನೇ ಹೊರಗೆ ತಂದೆ. "ಯಜಮಾನರ ಗಾಡಿಗೆ ಆಗುತ್ತೆ ಅಂತ ತಂದೆ ಅಣ್ಣಾ" ಅಂದರು. ಬೈಯುವ ಮನಸ್ಸು ಬರಲಿಲ್ಲ. ಪೆಟ್ರೋಲಿನ ರೇಟು ಅವರಿಗೆ ಗೊತ್ತಿತ್ತು. ಅದರ ಆವಿ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಮುಟ್ಟುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆವತ್ತು ಏನೂ ಆಗಲಿಲ್ಲ. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲಪುರದ ಕಡೆ ಇದೇ ರೀತಿ ಟ್ಯಾಂಕರ್ ಪಲ್ಟಿ ಆಯಿತು. ಜನ ಇದೇ ರೀತಿ ಕೊಡ ತಂದರು. ಬೆಂಕಿ ಹೊತ್ತಿತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ನನಗೆ ಆ ಸುದ್ದಿ ಓದಿದಾಗ ಅಡುಗೆಮನೆಯಲ್ಲಿ ಇಟ್ಟಿದ್ದ ಆ ಕೊಡವೇ ಕಣ್ಣಮುಂದೆ ಬಂತು.

ಈಗ ಇಲ್ಲಿರುವ ರೈತರಿಗೆ ಒಂದು ಪ್ರಶ್ನೆ. ಕಣದಲ್ಲಿ ರಾಶಿ ತೂರುವಾಗ ನೀವು ಎಲ್ಲಿ ನಿಲ್ಲುತ್ತೀರಿ? ಹೊಟ್ಟು ಬೀಳುವ ಕಡೆ ಯಾರಾದರೂ ನಿಲ್ಲುತ್ತಾರಾ? ಇಲ್ಲ. ಗಾಳಿ ಬರುವ ಕಡೆ ನೋಡಿಕೊಂಡು ನಿಲ್ಲುತ್ತೀರಿ. ಗ್ಯಾಸ್ ಸೋರಿದಾಗಲೂ ಇಷ್ಟೇ. ಟ್ಯಾಂಕರ್ ಅನ್ನುವುದು ಮೊರ, ಗ್ಯಾಸ್ ಅನ್ನುವುದು ಹೊಟ್ಟು. ಹೊಟ್ಟು ಹಾರುವ ದಾರಿಯಲ್ಲಿ ನೀವು ಇರಬಾರದು. ನಮ್ಮ ತರಬೇತಿಯಲ್ಲಿ ಇದನ್ನು ದೊಡ್ಡ ದೊಡ್ಡ ನಕ್ಷೆ ಹಾಕಿ ಕಲಿಸಿದರು. ಕಣ ಕಂಡವರಿಗೆ ನಕ್ಷೆ ಬೇಕಾಗಿಲ್ಲ.

ಗಾಳಿ ನೋಡಲು ದುರ್ಗದವರಿಗೆ ಇನ್ನೊಂದು ಅನುಕೂಲ ಇದೆ. ಗುಡ್ಡದ ಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳು. ಅವು ಗಾಳಿ ಬರುವ ಕಡೆಗೇ ಮುಖ ತಿರುಗಿಸಿಕೊಂಡು ನಿಲ್ಲುತ್ತವೆ. ಆದರೆ ಗುಡ್ಡದ ಮೇಲಿನ ಗಾಳಿ ಬೇರೆ, ತಗ್ಗಿನ ಗಾಳಿ ಬೇರೆ ಇರಬಹುದು. ಅದಕ್ಕೇ ಹತ್ತಿರದ್ದನ್ನೂ ನೋಡಿ. ತಂತಿಯ ಮೇಲೆ ಒಣಗಿದ ಸೀರೆ ಯಾವ ಕಡೆ ಹಾರುತ್ತಿದೆ, ಹೋಟೆಲಿನ ಹೊಗೆ ಯಾವ ಕಡೆ ವಾಲುತ್ತಿದೆ. ಏನೂ ಕಾಣದಿದ್ದರೆ ಒಂದು ಹಿಡಿ ಮಣ್ಣು ತೂರಿ. ಆಮೇಲೆ ಗಾಳಿ ಬರುವ ಕಡೆಗೆ, ಎತ್ತರಕ್ಕೆ ನಡೆಯಿರಿ. ಆ ದಾರಿಯಲ್ಲಿ ಟ್ಯಾಂಕರೇ ಅಡ್ಡ ಇದ್ದರೆ? ಗ್ಯಾಸಿನ ಮೋಡದೊಳಗೆ ನುಗ್ಗಬೇಡಿ. ಗಾಳಿಗೆ ಅಡ್ಡಲಾಗಿ, ಎಡಕ್ಕೋ ಬಲಕ್ಕೋ ಹೋಗಿ.

ಎತ್ತರಕ್ಕೆ ಯಾಕೆ ಅಂದರೆ, ಈ ಗ್ಯಾಸುಗಳಲ್ಲಿ ಬಹಳಷ್ಟು ಗಾಳಿಗಿಂತ ಭಾರ. ಕ್ಲೋರಿನ್ ಎರಡೂವರೆ ಪಟ್ಟು ಭಾರ. ಅಡುಗೆ ಗ್ಯಾಸೂ ಭಾರವೇ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಹಳ್ಳ, ಚರಂಡಿ, ಅಂಡರ್‌ಪಾಸ್, ನೆಲಮಾಳಿಗೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಕೀಟನಾಶಕದ ಕಾರ್ಖಾನೆಯಿಂದ ಸುಮಾರು 40 ಟನ್ ವಿಷ ಹೊರಬಿತ್ತು. ಆ ಗ್ಯಾಸೂ ಭಾರದ್ದೇ. ಎತ್ತರ ಕಡಿಮೆ ಇರುವ ಮಕ್ಕಳಿಗೆ ಹೆಚ್ಚು ತಗುಲಿತು. ಕತ್ತಲಲ್ಲಿ ಯಾವ ಕಡೆ ಹೋಗಬೇಕು ಅಂತ ಹೇಳುವವರಿರಲಿಲ್ಲ. ಎಷ್ಟೋ ಜನ ಗ್ಯಾಸು ಹೋಗುವ ದಾರಿಯಲ್ಲೇ, ಅದರ ಜೊತೆಯಲ್ಲೇ ಓಡಿದರು. ಓಡಿದಷ್ಟೂ ಉಸಿರು ಜೋರಾಗುತ್ತದೆ, ಉಸಿರು ಜೋರಾದಷ್ಟೂ ವಿಷ ಒಳಗೆ ಹೋಗುತ್ತದೆ. ಸಾವಿರಾರು ಜನ ಸತ್ತರು. ಗಾಳಿ ನೋಡಿ ಅಡ್ಡಕ್ಕೆ ಹೋಗಿ ಅಂತ ಹೇಳುವ ಒಂದು ಮೈಕು ಆವತ್ತು ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಇಲ್ಲಿರುವ ಹಿರಿಯರಿಗೆ ಹಗೇವು ಗೊತ್ತಿರಬೇಕು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಆರುವುದಿಲ್ಲ ಅಂತ ನೋಡಿ ಆಮೇಲೆ ಇಳಿಯುತ್ತಿದ್ದರು. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ ಅಂತ ಗೊತ್ತಿತ್ತು. (ದೀಪದ ಪರೀಕ್ಷೆಯನ್ನು ಈಗ ಯಾರೂ ಮಾಡಬೇಡಿ. ಇವತ್ತಿನ ಗುಂಡಿಗಳಲ್ಲಿ ಹೊತ್ತಿಕೊಳ್ಳುವ ಗ್ಯಾಸೂ ಇರುತ್ತದೆ.) ಆ ಎಚ್ಚರ ನಮ್ಮಿಂದ ಕಳೆದುಹೋಗಿದೆ. ಶೌಚಗುಂಡಿಗೆ ಒಬ್ಬ ಇಳಿದು ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ. ತಮ್ಮನನ್ನು ಎತ್ತಲು ಪಕ್ಕದ ಮನೆಯವನು. ಪೇಪರಿನಲ್ಲಿ ಪ್ರತಿ ವರ್ಷ ಓದುತ್ತೇವೆ, ಅಲ್ವಾ? ಅವರಲ್ಲಿ ಯಾರೂ ದಡ್ಡರಲ್ಲ. ಪ್ರೀತಿಯಿಂದ ಇಳಿದವರು. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇಂಥ ಸಾವುಗಳನ್ನು ನೋಡಿದಾಗ. ಬಿದ್ದವರನ್ನು ನೋಡಿಯೂ ನಿಂತಲ್ಲೇ ನಿಲ್ಲಬೇಕು ಅಂತ ಹೇಳುವುದು ನನಗೂ ಕಷ್ಟ. ಆದರೂ ಹೇಳುತ್ತೇನೆ. ನಿಂತುಕೊಳ್ಳಿ. ಫೋನ್ ಮಾಡಿ. ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಬರುವವರಿಗೆ ದಾರಿ ಬಿಡಿ.

ಎಷ್ಟು ದೂರ ನಿಲ್ಲಬೇಕು ಅಂತ ಕೇಳುತ್ತೀರಿ. ಗ್ಯಾಸ್ ಟ್ಯಾಂಕರಿಗೇ ಬೆಂಕಿ ತಗುಲಿದ್ದರೆ ಒಂದು ಮೈಲಿ, ಅಂದರೆ 1600 ಮೀಟರ್ ದೂರದವರೆಗೆ ಸುತ್ತಲೂ ಖಾಲಿ ಮಾಡಿಸಬೇಕು ಅಂತ ನಾವು ಬಳಸುವ ಕೈಪಿಡಿಗಳು ಹೇಳುತ್ತವೆ. ಅಳತೆ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೆ ಒಂದು ಅಂದಾಜಿನ ಉಪಾಯ. ಇದು ಕನಿಷ್ಠ ದೂರ ಮಾತ್ರ, ಗ್ಯಾಸ್ ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ಇನ್ನೂ ದೂರ ಹೋಗಬೇಕು. ಕೈ ಪೂರ್ತಿ ಮುಂದಕ್ಕೆ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ. ಅಪಘಾತದ ಜಾಗ ಪೂರ್ತಿ ಹೆಬ್ಬೆರಳ ಹಿಂದೆ ಮರೆಯಾಗಬೇಕು. ಟ್ಯಾಂಕರ್ ಇನ್ನೂ ಬೆರಳಿನ ಆಚೆ ಈಚೆ ಕಾಣುತ್ತಿದ್ದರೆ ನೀವು ಹತ್ತಿರ ಇದ್ದೀರಿ. ಇನ್ನೂ ಹಿಂದೆ ಹೋಗಿ. ಹುಡುಗರೇ, ಈಗಲೇ ಕೈ ಎತ್ತಿ ಅಭ್ಯಾಸ ಮಾಡಿ. ವೇದಿಕೆಯನ್ನೇ ಟ್ಯಾಂಕರ್ ಅಂದುಕೊಳ್ಳಿ. ಕಾಣುತ್ತಿದೆಯಾ? ಹಾಗಾದರೆ ನೀವು ಕೂತಿರುವುದು ತೀರಾ ಹತ್ತಿರ.

ಇನ್ನು ಟ್ಯಾಂಕರಿನ ಹಿಂದೆ, ಪಕ್ಕದಲ್ಲಿ ಒಂದು ಬೋರ್ಡ್ ಇರುತ್ತದೆ. ಎಲ್ಲರೂ ದಿನಾ ನೋಡಿರುತ್ತೀರಿ, ಯಾರೂ ಓದಿರುವುದಿಲ್ಲ. ಅದರಲ್ಲಿ ನಾಲ್ಕು ಅಂಕಿಯ ಒಂದು ನಂಬರ್ ಇರುತ್ತದೆ. ಅದು ಗಾಡಿ ನಂಬರ್ ಅಲ್ಲ. ಒಳಗೆ ಏನಿದೆ ಅನ್ನುವುದರ ನಂಬರ್, ಇಡೀ ಜಗತ್ತಿಗೆ ಒಂದೇ. 1203 ಅಂದರೆ ಪೆಟ್ರೋಲ್. 1202 ಡೀಸೆಲ್. 1075 ಅಡುಗೆ ಗ್ಯಾಸ್. 1017 ಕ್ಲೋರಿನ್, 1005 ಅಮೋನಿಯ, 1830 ಸಲ್ಫ್ಯೂರಿಕ್ ಆಸಿಡ್. ಬಾಯಿಪಾಠ ಮಾಡಬೇಕಾಗಿಲ್ಲ. ಆ ನಂಬರನ್ನು ಫೋನಿನಲ್ಲಿ ನಮಗೆ ಓದಿ ಹೇಳಿದರೆ ಸಾಕು. ನಂಬರಿನ ಮೇಲೆ ಒಂದೆರಡು ಅಕ್ಷರವೂ ಇರುತ್ತದೆ. ಅದರಲ್ಲಿ ಇಂಗ್ಲಿಷಿನ 'ಇ' (E) ಅಕ್ಷರ ಇದ್ದರೆ ಸುತ್ತಲಿನ ಜನರನ್ನು ದೂರ ಕಳಿಸುವ ಬಗ್ಗೆ ಯೋಚಿಸಿ ಅಂತ ಅರ್ಥ. ಓದಲು ಹತ್ತಿರ ಹೋಗಬೇಡಿ. ದೂರದಲ್ಲೇ ನಿಂತು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ನಿಮ್ಮ ಮೊಬೈಲಿನಿಂದ ಆಗುವ ನಿಜವಾದ ಉಪಕಾರ ಅದು.

ಈ ನಂಬರಿಗೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಒಂದು ಸಲ ನಮಗೆ ಬಂದ ಕರೆ ಬರೀ "ಲಾರಿ ಬಿದ್ದಿದೆ, ಹೊಗೆ ಬರುತ್ತಿದೆ" ಅಂತ ಇತ್ತು. ಬೆಂಕಿ ಅಂದುಕೊಂಡು ನೀರಿನ ಗಾಡಿ ತೆಗೆದುಕೊಂಡು ಹೋದೆವು. ಹೋಗಿ ನೋಡಿದರೆ ಗಟ್ಟಿ ಆಸಿಡ್. ಅದಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಹೋಸ್ ಪೈಪ್ ಬಿಚ್ಚಿ ಆಗಿತ್ತು. ನಮ್ಮ ಹುಡುಗನೊಬ್ಬ ಬೋರ್ಡ್ ನೋಡಿ ಕೂಗಿದ, ನಿಲ್ಲಿಸಿದೆವು. ಫೋನ್ ಮಾಡಿದವರು ನಾಲ್ಕು ಅಂಕಿ ಹೇಳಿದ್ದರೆ ನಾವು ಮರಳು, ಸುಣ್ಣ ಹೊಂದಿಸಿಕೊಂಡೇ ಹೊರಡುತ್ತಿದ್ದೆವು.

ಫೋನ್ ಮಾಡಬೇಕಾದ ನಂಬರ್ 112. ಪೊಲೀಸ್, ಫೈರ್, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ಸಾಕು. ಮನೆಯ ಸಿಲಿಂಡರ್ ಸೋರಿದರೆ 1906. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077. ಹೆದ್ದಾರಿಯಲ್ಲಿ ಆದರೆ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿ. "ಹಿರಿಯೂರು ದಾಟಿ ಸ್ವಲ್ಪ ಮುಂದೆ" ಅಂದರೆ ಅದು ಎರಡು ಕಿಲೋಮೀಟರೂ ಆಗಬಹುದು, ಇಪ್ಪತ್ತೂ ಆಗಬಹುದು. ಗಾಳಿ ಯಾವ ಊರಿನ ಕಡೆ ಬೀಸುತ್ತಿದೆ ಅಂತಲೂ ಹೇಳಿ. ನಾವು ಯಾವ ದಿಕ್ಕಿನಿಂದ ಬರಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಗ್ಯಾಸ್ ಟ್ಯಾಂಕರಿನ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2012ರ ಆಗಸ್ಟ್ 27ರ ರಾತ್ರಿ, ಕೇರಳದ ಕಣ್ಣೂರಿನ ಹತ್ತಿರ ಚಾಲ ಅನ್ನುವ ಊರು. ಟ್ಯಾಂಕರ್ ಉರುಳಿ ಗ್ಯಾಸ್ ಸೋರಿತು. ರಸ್ತೆ ಪಕ್ಕದ ಮನೆಗಳೊಳಗೆ ಹರಿದು ತುಂಬಿತು. ಎಲ್ಲಿಂದಲೋ ಕಿಡಿ ತಗುಲಿತು. 20 ಜನ ಹೋದರು. ಮರುವರ್ಷ ಏಪ್ರಿಲ್‌ನಲ್ಲಿ ನಮ್ಮದೇ ದಕ್ಷಿಣ ಕನ್ನಡದ ಪೆರ್ನೆಯಲ್ಲೂ ಹೀಗೇ ಆಯಿತು, ಮನೆಯಲ್ಲಿದ್ದವರೂ ಸುಟ್ಟುಹೋದರು. ಇನ್ನೊಂದು, 2025ರ ಜನವರಿ 3, ಕೊಯಮತ್ತೂರು. ಬೆಳಗಿನ ಜಾವ ಫ್ಲೈಓವರ್ ಮೇಲೆ ಸುಮಾರು 18 ಟನ್ ಗ್ಯಾಸ್ ತುಂಬಿದ ಟ್ಯಾಂಕರ್ ಮಗುಚಿತು, ಸೋರಲು ಶುರುವಾಯಿತು. ಸಂಚಾರ ನಿಲ್ಲಿಸಿದರು. ಹತ್ತಿರದ ಶಾಲೆಗಳಿಗೆ ರಜೆ ಕೊಟ್ಟರು. ಫೈರ್ ಸಿಬ್ಬಂದಿ ಗಂಟೆಗಟ್ಟಲೆ ನೀರು ಹಾಯಿಸಿದರು. ಕ್ರೇನ್ ತಂದು ಟ್ಯಾಂಕರ್ ಎತ್ತಿ ಸಾಗಿಸಿದರು. ಒಂದು ಜೀವವೂ ಹೋಗಲಿಲ್ಲ. ಅದೇ ಗ್ಯಾಸು, ಅಷ್ಟೇ ದೊಡ್ಡ ಟ್ಯಾಂಕರು. ಏನೂ ಆಗದಿದ್ದ ಸುದ್ದಿಯನ್ನು ಯಾರೂ ನೆನಪಿಡುವುದಿಲ್ಲ. ನನಗೆ ಮಾತ್ರ ಕೊಯಮತ್ತೂರಿನ ಆ ದಿನ ಹಬ್ಬದ ಹಾಗೆ ಅನ್ನಿಸಿತ್ತು.

ನಿಮ್ಮ ಓಣಿಗೆ ಅಡುಗೆ ಗ್ಯಾಸಿನ ವಾಸನೆ ಬಂದರೆ ದೀಪ ಹಾಕಬೇಡಿ. ಹೊತ್ತಿಕೊಂಡಿರುವ ದೀಪ ಆರಿಸಲೂ ಸ್ವಿಚ್ ಮುಟ್ಟಬೇಡಿ. ಅದುಮಿದಾಗ ಒಳಗೊಂದು ಸಣ್ಣ ಕಿಡಿ ಹಾರುತ್ತದೆ, ಅಷ್ಟೇ ಸಾಕು. ಬೈಕ್ ಸ್ಟಾರ್ಟ್ ಮಾಡಬೇಡಿ. ಒಲೆ, ದೇವರ ದೀಪ ಉರಿಯುತ್ತಿದ್ದರೆ, ವಾಸನೆ ಮೂಗಿಗೆ ಬರುವ ಮೊದಲೇ ಸುದ್ದಿ ತಿಳಿದಿದ್ದರೆ ಆರಿಸಿ. ನಡೆದೇ ಹೊರಡಿ.

ವಿಷದ ಗ್ಯಾಸ್ ಆದರೆ ಲೆಕ್ಕ ಬೇರೆ. ಮೋಡ ಆಗಲೇ ಓಣಿಗೆ ಬಂದುಬಿಟ್ಟಿದೆ, ಹೊರಗೆ ಹೋದರೆ ಅದರೊಳಗೇ ಹೋಗಬೇಕು ಅನ್ನುವ ಹಾಗಿದ್ದರೆ ಮನೆಯೊಳಗೇ ಇರಿ. ಕಿಟಕಿ, ಬಾಗಿಲು ಮುಚ್ಚಿ. ಫ್ಯಾನ್, ಕೂಲರ್ ನಿಲ್ಲಿಸಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಮಹಡಿ ಇದ್ದರೆ ಮೇಲಕ್ಕೆ ಹೋಗಿ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಕ್ಲೋರಿನ್, ಅಮೋನಿಯ ನೀರಿನಲ್ಲಿ ಕರಗುತ್ತವೆ, ಸ್ವಲ್ಪ ತಡೆಯುತ್ತದೆ. ಆದರೆ ಆ ಬಟ್ಟೆಯನ್ನು ನಂಬಿಕೊಂಡು ಮೋಡದೊಳಗೆ ಹೋಗಬೇಡಿ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಕಾರ್ಖಾನೆಯಿಂದ ಹೊರಬಂದ ಸ್ಟೈರೀನ್‌ನಂಥ (ಪ್ಲಾಸ್ಟಿಕ್ ತಯಾರಿಸಲು ಬಳಸುವ ರಾಸಾಯನಿಕ) ಆವಿಗೆ ಒದ್ದೆ ಬಟ್ಟೆ ಲೆಕ್ಕಕ್ಕೇ ಇಲ್ಲ. ಆವತ್ತು ಮಲಗಿದ್ದವರು ಎದ್ದು ಓಡುತ್ತಾ ರಸ್ತೆಯಲ್ಲೇ ಕುಸಿದರು.

ಒಂದು ವಿಷಯ ಇಲ್ಲಿ ನಡುವೆ ಹೇಳಲೇಬೇಕು. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯದ ವಸ್ತು ಬಳಸುವ ಕಾರ್ಖಾನೆಯವರು ಏನು ಇಟ್ಟುಕೊಂಡಿದ್ದೇವೆ, ಹೊರಗೆ ಬಂದರೆ ಏನಾಗುತ್ತದೆ, ಏನು ಮಾಡಬೇಕು ಅನ್ನುವುದನ್ನು ಅಕ್ಕಪಕ್ಕದ ಜನರಿಗೂ ತಿಳಿಸಬೇಕು. ಅದು ಅವರ ಉಪಕಾರ ಅಲ್ಲ, ಕಾನೂನು. ಜಿಲ್ಲಾ ಮಟ್ಟದಲ್ಲಿ ರಾಸಾಯನಿಕ ಅಪಘಾತಗಳಿಗೆ ಅಂತಲೇ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರಬೇಕು ಅಂತ 1996ರ ನಿಯಮ ಹೇಳುತ್ತದೆ. ನಿಮ್ಮ ಊರ ಪಕ್ಕ ಕಾರ್ಖಾನೆ ಇದ್ದರೆ, ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್ ಇದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಳಗೆ ಅಮೋನಿಯ ಇದೆಯಾ? ಸೋರಿದರೆ ಸೈರನ್ ಹೊಡೆಯುತ್ತೀರಾ? ಸೈರನ್ ಹೊಡೆದರೆ ನಾವು ಎಲ್ಲಿಗೆ ಹೋಗಬೇಕು? ಈ ಮೂರು ಪ್ರಶ್ನೆ ಕೇಳಿದವರನ್ನು ಜಗಳಗಂಟರು ಅಂತ ಯಾರೂ ಕರೆಯಬಾರದು.

ಈಗ ಉಗ್ರರು ಬಳಸಿದ ವಿಷದ ಒಂದು ಘಟನೆ. 1995ರ ಮಾರ್ಚ್ 20, ಟೋಕಿಯೊ. ಒಂದು ಪಂಥದವರು ಐದು ಮೆಟ್ರೊ ರೈಲುಗಳಲ್ಲಿ ಸರಿನ್ ಅನ್ನುವ ವಿಷ ಬಿಟ್ಟರು. ಪೇಪರಿನಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನು ಕೊಡೆಯ ತುದಿಯಿಂದ ಚುಚ್ಚಿ ಇಳಿದು ಹೋದರು. ಒಂದೇ ಆಸ್ಪತ್ರೆಗೆ ಆವತ್ತು ಆರುನೂರಕ್ಕೂ ಹೆಚ್ಚು ಜನ ಬಂದರು. ಬಹಳ ಜನ ನಡೆದುಕೊಂಡೇ, ಟ್ಯಾಕ್ಸಿ ಹಿಡಿದೇ ಬಂದರು, ಹಾಕಿದ್ದ ಬಟ್ಟೆಯಲ್ಲೇ. ಬಟ್ಟೆಯಲ್ಲಿ ಉಳಿದಿದ್ದ ವಿಷದಿಂದ ಡಾಕ್ಟರು, ನರ್ಸುಗಳ ಕಣ್ಣೂ ಮಂಜಾಯಿತು, ತಲೆ ಸಿಡಿಯಿತು.

ಸರಿನ್ ಅಂದರೆ ಎಲ್ಲೋ ದೂರದ ಹೆಸರು ಅನ್ನಿಸುತ್ತದೆ. ಆದರೆ ಅದು ನಾವು ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳ ಕುಲದ್ದೇ. ಕಣ್ಣಿನ ಪಾಪೆ ಸಣ್ಣಗಾಗುವುದು, ಜೊಲ್ಲು, ಬೆವರು, ಉಸಿರು ಕಟ್ಟುವುದು. ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಲು ಹೋಗಿ ತಲೆಸುತ್ತಿ ಬಿದ್ದವರನ್ನು ಆಸ್ಪತ್ರೆಗೆ ತಂದಾಗ ಕೊಡುವ ಆಟ್ರೋಪಿನ್ ಇಂಜೆಕ್ಷನ್ನೇ ಅಲ್ಲೂ ಕೊಟ್ಟದ್ದು. ಎಣ್ಣೆ ಹೊಡೆದು ಬಂದವರು ಏನು ಮಾಡಬೇಕು? ಹೊರಗೇ ಬಟ್ಟೆ ತೆಗೆದು, ಸೋಪು ಹಚ್ಚಿ ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಬೇಕು. ಯಾವ ವಿಷವೇ ಮೈಮೇಲೆ ಬೀಳಲಿ, ಇದೇ ನಿಯಮ. ಬಟ್ಟೆ ತೆಗೆದರೆ ಬಹುಪಾಲು ವಿಷ ಅದರ ಜೊತೆಗೇ ಹೋಗುತ್ತದೆ. ಅಂಗಿಯನ್ನು ತಲೆಯ ಮೇಲಿಂದ ಎಳೆಯಬೇಡಿ, ಮುಖಕ್ಕೆ ಸವರುತ್ತದೆ. ಕತ್ತರಿಸಿ ತೆಗೆಯಿರಿ. ಆಸಿಡ್ ಬಿದ್ದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ನೀರು ಹಾಯಿಸಿ.

ಹೆಣ್ಣುಮಕ್ಕಳ ಹತ್ತಿರ ಇದನ್ನು ಬಿಚ್ಚಿ ಮಾತಾಡಬೇಕು. ನಾಲ್ಕು ಜನರ ಮುಂದೆ ಸೀರೆ ಬಿಚ್ಚುವುದು ಹೇಗೆ ಅಂತ ಸುಮ್ನೆ ಉರಿ ತಡೆದುಕೊಂಡು ಆಸ್ಪತ್ರೆವರೆಗೆ ಬಂದವರನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಚರ್ಮ ಹೋಗಿರುತ್ತದೆ. ಸಂಘದ ತಾಯಂದಿರೇ, ಇದು ನಿಮ್ಮ ಕೈಯಲ್ಲಿ ಆಗುವ ಕೆಲಸ. ನಾಲ್ಕು ಜನ ಸೇರಿ ಬೆಡ್‌ಶೀಟ್ ಅಡ್ಡ ಹಿಡಿಯಿರಿ. ಒಬ್ಬರು ನೀರು ಹಾಕಿ. ಒಂದು ನೈಟಿ ಕೊಡಿ. ನಮ್ಮ ಗಾಡಿಯಲ್ಲಿ ಎಲ್ಲ ಸಾಮಾನು ಇರುತ್ತದೆ, ಒಂದು ನೈಟಿ ಇರುವುದಿಲ್ಲ.

ಆಟೊ ಅಣ್ಣಂದಿರು ಹಿಂದೆ ಕೂತಿದ್ದೀರಿ, ನಿಮ್ಮ ವಿಷಯಕ್ಕೆ ಬಂದೆ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೇ ಸ್ಫೋಟ ಆಯಿತು. ಪ್ರಯಾಣಿಕ ತಂದ ಚೀಲದಲ್ಲಿ ಕುಕ್ಕರ್ ಬಾಂಬ್ ಇತ್ತು. ದುಡಿದು ತಿನ್ನುವ ಚಾಲಕರು ಸುಟ್ಟ ಗಾಯದಿಂದ ಆಸ್ಪತ್ರೆ ಸೇರಿದರು. 2024ರ ಮಾರ್ಚ್ 1ರಂದು ಬೆಂಗಳೂರಿನ ಹೋಟೆಲಿನಲ್ಲಿ ಊಟದ ಹೊತ್ತಿಗೆ ಸಿಡಿದದ್ದೂ ಬಿಟ್ಟುಹೋದ ಚೀಲವೇ. ನಮ್ಮ ಹತ್ತಿರದ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 2019ರ ಅಕ್ಟೋಬರ್‌ನಲ್ಲಿ ವಾರಸುದಾರರಿಲ್ಲದ ಪೆಟ್ಟಿಗೆ ಸಿಕ್ಕಿತು. ಏನಿದೆ ನೋಡೋಣ ಅಂತ ತೆರೆಸಲು ಹೋದರು. ತೆರೆದವರ ಕೈಗೆ ಗಾಯ ಆಯಿತು.

ದುರ್ಗದಲ್ಲಿ ನಿಂತು ಒನಕೆ ಓಬವ್ವನನ್ನು ನೆನೆಯದೆ ಇರಲು ಆಗುವುದಿಲ್ಲ. ಆದರೆ ಆ ತಾಯಿಯ ಕೆಲಸದಲ್ಲಿ ಎರಡು ಭಾಗ ಇದೆ. ನೀರಿಗೆ ಹೋದಾಗ ಕಿಂಡಿಯ ಹತ್ತಿರ ಏನೋ ಸರಿಯಿಲ್ಲ ಅಂತ ಗಮನಿಸಿದ್ದು ಒಂದು. ಒನಕೆ ಎತ್ತಿದ್ದು ಇನ್ನೊಂದು. ಇವತ್ತು ನಮಗೆ ಬೇಕಾದದ್ದು ಮೊದಲನೆಯದು. ಬಸ್ ಸ್ಟ್ಯಾಂಡಿನಲ್ಲಿ ದಿನಾ ಇರುವ ನಿಮಗೆ ಯಾವುದು ದಿನದ ಹಾಗಿಲ್ಲ ಅಂತ ಬೇಗ ಗೊತ್ತಾಗುತ್ತದೆ. ಚೀಲ ಕಂಡರೆ ಜೋರಾಗಿ ಕೇಳಿ, ಯಾರದು ಅಂತ. ಯಾರೂ ಬರದಿದ್ದರೆ ಮುಟ್ಟಬೇಡಿ, ಸರಿಸಬೇಡಿ, ನೀರು ಸುರಿಯಬೇಡಿ. ಜನರನ್ನು ಗೋಡೆಯ ಮರೆಗೆ, ಗಾಜಿನಿಂದ ದೂರಕ್ಕೆ ಕಳಿಸಿ. ದೂರ ಹೋದಮೇಲೆ ಫೋನ್ ಮಾಡಿ. ಒಂದು ಸಿಡಿದ ಮೇಲೆ ನೋಡಲು ಓಡಿ ಬರಬೇಡಿ. ಜನ ಸೇರಿದ ಮೇಲೆ ಸಿಡಿಯಲಿ ಅಂತ ಎರಡನೆಯದನ್ನು ಇಡುವವರು ಇದ್ದಾರೆ.

ಗಮನಿಸಬೇಕಾದದ್ದು ವಸ್ತುವನ್ನು, ನಡವಳಿಕೆಯನ್ನು. ಗಡ್ಡ, ಟೋಪಿ, ಬುರ್ಖಾ, ಭಾಷೆ ನೋಡಿ ಅನುಮಾನ ಪಡುವುದು ಎಚ್ಚರವೂ ಅಲ್ಲ, ಏನೂ ಅಲ್ಲ. ಅದರಿಂದ ಜೀವ ಹೋಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ವಾಟ್ಸಾಪ್‌ನಲ್ಲಿ ಹರಡಿ ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಏನೂ ತಪ್ಪು ಮಾಡದವರನ್ನು ಜನರೇ ಹೊಡೆದು ಕೊಂದರು. ಹೆದರಿಕೆ ಹರಡುವುದೇ ಉಗ್ರರಿಗೆ ಬೇಕಾಗಿರುವುದು. ನಾವು ಅವರ ಕೆಲಸ ಮಾಡಿಕೊಡಬಾರದು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿಕೊಂಡವು, ನೆನಪಿದೆಯಾ? ಸರ್ಕಾರದ ಎಚ್ಚರಿಕೆ ಸಂದೇಶದ ಪರೀಕ್ಷೆ ಅದು. ಅಂಥ ಸಂದೇಶ ಬಂದರೆ ನಂಬಿ, ಓದಿ. ಯಾರೋ ಕಳಿಸಿದ ಆಡಿಯೊವನ್ನು ಮುಂದಕ್ಕೆ ಕಳಿಸಬೇಡಿ.

ಗುಜರಿ ಅಂಗಡಿಯವರಿಗೂ, ಕುರಿ ಕಾಯುವವರಿಗೂ ಒಂದೊಂದು ಮಾತು ಇದೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹಳೇ ಪ್ರಯೋಗಾಲಯದ ಯಂತ್ರವೊಂದು ಬಂತು. ಒಳಗೆ ಕೋಬಾಲ್ಟ್-60 ಅನ್ನುವ ವಿಕಿರಣದ ವಸ್ತು ಇತ್ತು. ಒಡೆದರು. ಒಬ್ಬರು ಸತ್ತರು, ಹಲವರ ಮೈ ಸುಟ್ಟಿತು. ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಕಂಡರೆ, ಅಥವಾ ಗಾತ್ರಕ್ಕೆ ಮೀರಿದ ಭಾರದ ಸೀಸದ ಡಬ್ಬಿ ಬಂದರೆ ಸುತ್ತಿಗೆ ಎತ್ತಬೇಡಿ. ಇನ್ನು ಕ್ವಾರಿ ಪಕ್ಕದ ಹೊಲಗಳಲ್ಲಿ ಕಲ್ಲು ಸಿಡಿಸಲು ಬಳಸುವ ಜಿಲೆಟಿನ್ ಕಡ್ಡಿ, ವೈರ್ ಇರುವ ಸಣ್ಣ ಕೊಳವೆಯಂಥ ಡಿಟೊನೇಟರ್ ಸಿಗುತ್ತವೆ. ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಜನ ಹೋದರು. ಅವರು ಅದರ ಜೊತೆ ಕೆಲಸ ಮಾಡಿ ಗೊತ್ತಿದ್ದವರು. ಮಕ್ಕಳಿಗೆ ಏನು ಗೊತ್ತು? ಕಂಡ ಜಾಗಕ್ಕೆ ಒಂದು ಕಲ್ಲು ಗುರುತಿಟ್ಟು ಠಾಣೆಗೆ ಹೇಳಿ.

ಈಗ ಅಜ್ಜಿಯ ಹತ್ತಿರ ವಾಪಸ್ ಬರುತ್ತೇನೆ. ಅಜ್ಜಿ, ನಿಮ್ಮ ಮನೆ ಹೆದ್ದಾರಿಗೆ ಎಷ್ಟು ದೂರ? ಕೂಗಿದರೆ ಕೇಳುವಷ್ಟು ಅಂತಿದ್ದಾರೆ. ನಿಮ್ಮ ಓಣಿಯಲ್ಲಿ ಎದ್ದು ನಡೆಯಲು ಆಗದವರು ಎಷ್ಟು ಜನ ಇದ್ದಾರೆ?

ಕೇಳಿಸಿತಾ ಎಲ್ಲರಿಗೂ? ಬೆರಳು ಮಡಿಸಿ ಎಣಿಸಿದರು. ನಾಲ್ಕು ಜನ. ಲಕ್ವ ಹೊಡೆದ ಒಬ್ಬರು, ಕಣ್ಣು ಕಾಣದ ಒಬ್ಬರು, ಹತ್ತು ದಿನದ ಬಾಣಂತಿ, ಮೂಲೆಮನೆಯ ಅಂಗವಿಕಲ ಹುಡುಗ. ನಾನು ಕೆಲಸ ಮಾಡಿದ ಯಾವ ಠಾಣೆಯ ರಿಜಿಸ್ಟರಿನಲ್ಲೂ ಈ ಲೆಕ್ಕ ಇರಲಿಲ್ಲ. ಓಣಿಗೆ ಗ್ಯಾಸ್ ಬಂದ ರಾತ್ರಿ ಆ ನಾಲ್ಕು ಮನೆಯ ಬಾಗಿಲು ತಟ್ಟುವವರು ಯಾರು, ಎತ್ತಿಕೊಂಡು ಬರುವವರು ಯಾರು? ಹೆಸರು ಇವತ್ತೇ ತೀರ್ಮಾನ ಆಗಬೇಕು. ಸಂಘದ ಪುಸ್ತಕದಲ್ಲಿ ಕಡೆಯ ಪುಟ ಖಾಲಿ ಇದ್ದರೆ ಅಲ್ಲೇ ಬರೆಯಿರಿ.

ಅಜ್ಜಿಯ ಪಕ್ಕದಲ್ಲಿ ಒಬ್ಬ ಹುಡುಗ ಕೈ ಎತ್ತಿದ್ದಾನೆ. ಬಾರಪ್ಪಾ, ಮುಂದೆ ಬಾ. ಮೊದಲನೇ ಹೆಸರು ನಿನ್ನದೇ ಬರೆಸು. ಇನ್ನೂ ಮೂರು ಜನ ಬೇಕು.